ಅತ್ತೆಯ ಕೆನ್ನೆಯೊಳಗಿನ ಗುರುತು

ಮನೆಯವರೆಲ್ಲ ಗಡಿಬಿಡಿ ಎಂದೇ ಕರೆಯುವ ಆ ಎಲೆಕ್ಟ್ರಿಷಿಯನ್ ಅಂದು ಹೆಸರಿಗೆ ತಕ್ಕ ಹಾಗೇ ಇದ್ದ. ಹಿಮದ ಕಣಿವೆಯಲ್ಲಿ ಸೈನಿಕನೊಬ್ಬನ ಮೂಳೆಗಳು ಸಿಕ್ಕಿದ್ದವು. ಯುದ್ಧಕ್ಕೆ ಹೋಗಿ ಮರಳದ ದೊಡ್ಡಪ್ಪನವೇ ಇರಬಹುದೆಂದು ಸೇನೆಯವರು ಫೋನ್ ಮಾಡಿ, ಡಿಎನ್‌ಎ ಹೊಂದಿಸಿ ನೋಡಲು ರಕ್ತಸಂಬಂಧಿಗಳನ್ನು ಕರೆಸಿದ್ದರು. ದೊಡ್ಡಪ್ಪನ ತಂಗಿ, ದರ್ಜಿ ಕೆಲಸದ ಅತ್ತೆಯನ್ನೂ ಗಡಿಬಿಡಿ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಿದ್ದ.

"ನಿಧಾನ ಕಣೋ ಪುಣ್ಯಾತ್ಮ! ಅಣ್ಣ ಸಿಗೋ ಮುಂಚೆ ನನ್ನನ್ನ ಕಳ್ಕೊಂಡೀಯ," ಎಂದು ಅತ್ತೆ ದಾರಿಯುದ್ದಕ್ಕೂ ಬೆನ್ನಿಗೆ ಗುದ್ದಿದಳು.

ಲ್ಯಾಬಿನಲ್ಲಿ ಗಡಿಬಿಡಿ ಕುರ್ಚಿಗೆ ಕೂತವನೇ ಕೆನ್ನೆಯೊಳಗಿನ ಮಾದರಿ ಕೊಡಲು ಬಾಯಿ ತೆರೆದ.

"ಅವರು ನಿಮಗೇನಾಗಬೇಕು?" ಲ್ಯಾಬಿನ ಹುಡುಗಿ ಕೇಳಿದಳು.

"ದೊಡ್ಡಪ್ಪ. ನಮ್ಮಪ್ಪನ ಒಡಹುಟ್ಟಿದ ಅಣ್ಣ."

"ಹಾಗಾದ್ರೆ ಬಾಯಿ ಮುಚ್ಚಿ ಸಾರ್."

ಅಷ್ಟು ಹಳೆಯ ಮೂಳೆಯಲ್ಲಿ ಉಳಿದದ್ದು ತಾಯಿಯಿಂದ ಬರುವ ಗುರುತು ಒಂದೇ. ತಾಯಿ ಅದನ್ನು ಮಕ್ಕಳಿಗೆಲ್ಲ ಕೊಡುತ್ತಾಳೆ. ಮುಂದಕ್ಕೆ ದಾಟಿಸುವವರು ಹೆಣ್ಣುಮಕ್ಕಳು ಮಾತ್ರ. ಗಡಿಬಿಡಿಯ ಪಾಲಿಗೆ ಅದು ಅಪ್ಪನಲ್ಲೇ ನಿಂತುಹೋಗಿತ್ತು. ಅಪ್ಪ ತೀರಿಕೊಂಡಿದ್ದ.

"ಅವರ ತಂಗಿ ಇದ್ದಾರಲ್ಲ?" ಹುಡುಗಿ ಅತ್ತೆಯತ್ತ ನೋಡಿದಳು.

ಅವನ ಮುಖ ಇಳಿದುಹೋಯಿತು. "ತಾತನ ಎರಡನೇ ಹೆಂಡತಿ ಮಗಳು ಮೇಡಂ. ತಾಯಿ ಬೇರೆ."

ಹುಡುಗಿ ಕೈಯಲ್ಲಿದ್ದ ಹತ್ತಿಯ ಕಡ್ಡಿಯನ್ನು ಕೆಳಗಿಟ್ಟಳು. ಇನ್ನು ದೊಡ್ಡಪ್ಪ ನಂಬರು ಅಂಟಿಸಿದ ಪೆಟ್ಟಿಗೆಯಲ್ಲೇ ಉಳಿದುಬಿಡುತ್ತಾನೆ. ಅತ್ತೆಯ ಕಡೆ ತಿರುಗಲು ಗಡಿಬಿಡಿಗೆ ಧೈರ್ಯ ಸಾಲಲಿಲ್ಲ.

ಅತ್ತೆ ಸೆರಗಿನಲ್ಲಿ ಕನ್ನಡಕ ಒರೆಸುತ್ತಿದ್ದಳು. "ತಾಯಿ ಬೇರೆ, ಸರಿ. ಆ ತಾಯಂದಿರನ್ನ ಹೆತ್ತವಳು?"

"ಅಂದ್ರೆ?"

"ಅಣ್ಣಂದಿರ ಅಮ್ಮ ಹೋದಾಗ ಅವರಿನ್ನೂ ಇಷ್ಟಿಷ್ಟುದ್ದ. ಮಕ್ಕಳು ಯಾರದೋ ಕೈಗೆ ಸಿಕ್ಕಿ ನರಳಬಾರದು ಅಂತ ಅಪ್ಪ ಅವಳ ಸ್ವಂತ ತಂಗೀನೇ ತಂದ್ರು. ಅವಳೇ ನನ್ನಮ್ಮ. ಅಕ್ಕತಂಗಿ ಇಬ್ಬರೂ ಒಂದೇ ಹೊಟ್ಟೇಲಿ ಹುಟ್ಟಿದವರು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅತ್ತೆ?"

"ನೀನು ಯಾವತ್ತು ಕೂತು ಕೇಳಿದ್ದೆ?"

ಹುಡುಗಿ ದಡಕ್ಕನೆ ಎದ್ದಳು. "ಹಾಗಾದ್ರೆ ನಿಮಗೂ ನಿಮ್ಮಣ್ಣನಿಗೂ ಅಮ್ಮನ ಕಡೆ ಅಜ್ಜಿ ಒಬ್ಬರೇ! ಅವರಲ್ಲಿದ್ದ ಗುರುತೇ ನಿಮ್ಮಲ್ಲೂ ಇರುತ್ತೆ. ಬಾಯಿ ತೆಗೀರಿ ಅಮ್ಮಾ, ದೊಡ್ಡದಾಗಿ!"

"ನಮ್ಮತ್ತೆ ಬಾಯಿ ತೆಗೆಸೋದು ಸುಲಭ ಮೇಡಂ, ಮುಚ್ಚಿಸೋದೇ ಕಷ್ಟ."

ಕೆನ್ನೆಯೊಳಗೆ ಹತ್ತಿಯ ಕಡ್ಡಿ ಆಡುತ್ತಿತ್ತು. ಮಾತಾಡಲಾಗದೆ ಅತ್ತೆ ಕಾಲಲ್ಲೇ ಅವನನ್ನು ಒದ್ದಳು.

ಫಲಿತಾಂಶದ ಫೋನು ಬಂದ ಬೆಳಿಗ್ಗೆ ಗಡಿಬಿಡಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಅತ್ತೆಯ ಅಂಗಡಿಗೆ ನುಗ್ಗಿದ. "ಅತ್ತೆ, ಹೊಂದಿತು! ಮೊಣಕೈ ಮುರಿದು ಕೂಡಿದ ಗುರುತೂ ಇದೆಯಂತೆ. ದೊಡ್ಡಪ್ಪನೇ ಅಂತೆ!"

ಹೊಲಿಗೆ ಯಂತ್ರ ನಿಂತಿತು.

"ಸೀಬೆ ಮರದಿಂದ ಬಿದ್ದಿದ್ದ," ಅಂದಳು ಅತ್ತೆ. "ಕೋತಿ. ಬೇಡ ಅಂದ್ರೂ ಹತ್ತಿದ್ದ." ಆಮೇಲೆ ಕಣ್ಣು ಮುಚ್ಚಿ ದೇವರನ್ನು ನೆನೆದಳೋ ಅಣ್ಣನನ್ನೋ, ತುಟಿ ಮಾತ್ರ ಅಲ್ಲಾಡಿತು.

ಅರ್ಧ ಹೊಲಿದ ರವಿಕೆಯ ತೋಳನ್ನು ಯಂತ್ರದಲ್ಲೇ ಬಿಟ್ಟು ಎದ್ದಳು.

"ಕರ್ಕೊಂಡು ಬರೋಣ ನಡಿ. ಸ್ಕೂಟರ್ ತೆಗಿ. ಇವತ್ತು ನಾನು ನಿಧಾನ ಅನ್ನಲ್ಲ."