ಹಣಮವ್ವನ ಅಂಗೈ

ದರಿಬಡಚಿಯ ಹಣಮವ್ವನಿಗೆ ಮಗು ಬೇಡವಾಗಿತ್ತು. ಬೇಕೋ ಬೇಡವೋ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಗಂಡ ಅಮೋಗಸಿದ್ದನ ಸರಿಸಮಕ್ಕೆ ಕುರಿಹಿಂಡಿನ ಹಿಂದೆ ನಡೆಯುತ್ತಿದ್ದ ಹೆಣ್ಣು ಅವಳು. ಅಡ್ಡಬಿದ್ದ ಮರಿಯನ್ನು ಕುರಿಯ ಹೊಟ್ಟೆಯಿಂದ ತೆಗೆಯಬೇಕಾದರೆ ಅವಳ ಕೈಯೇ ಆಗಬೇಕಿತ್ತು. ಅವಳ ಅಕ್ಕ ಹೆರಲಾರದೆ ಕೂಗಿಕೂಗಿ ಸತ್ತಾಗ ಪಕ್ಕದಲ್ಲಿ ಕೂತವಳೂ ಅವಳೇ. ಅಂದಿನಿಂದ ಬಸಿರೆಂದರೆ ಅವಳಿಗೆ ಮೈಯೆಲ್ಲ ಉರಿ. ಅತ್ತೆ ಗುರವ್ವ ಮಾತ್ರ ಸೊಸೆಯ ಹೆಸರಿನಲ್ಲಿ ತಾನೇ ಹರಕೆ ಹೊತ್ತು, ತಾನೇ ಅವಳ ಉಡಿಗೆ ಕಾಯಿ ಕಟ್ಟಿದಳು.

ಆ ಊರಿದ್ದ ಜತ್ತ ಸಂಸ್ಥಾನ ಮುಂಬಯಿ ಸರಕಾರಕ್ಕೆ ಸೇರಿದ ಮರುವರ್ಷ ಹೆಣ್ಣು ಹುಟ್ಟಿತು. ಬಾಳಲಿ ಎಂದು ಬಾಳವ್ವನೆಂದು ಕರೆದರು. ಅಮೋಗಸಿದ್ದ ಹಿಂಡು ಹೊಡೆದುಕೊಂಡು ಹೋದ. ಹಣಮವ್ವ ಬಾಣಂತಿ ಕೋಣೆಯ ಹೊಗೆಯಲ್ಲಿ ಉಳಿದಳು. ಕೂಸು ಅತ್ತೇ ಅತ್ತಿತು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಅದರ ಬಾಯಿ ಮೂಗಿನ ಮೇಲೆ ಅಂಗೈ ಇಟ್ಟು ಒತ್ತಿದಳು. ಕೂಸು ಕಣ್ಣು ಅಗಲಿಸಿ ಅವಳನ್ನೇ ನೋಡಿತು. ಮುಖ ಕಪ್ಪಿಟ್ಟ ಮೇಲೆ ಕೈ ತೆಗೆದಳು.

ಆಮೇಲೆ ಆ ಕೂಸು ಅಳಲೇ ಇಲ್ಲ. ಹಸಿದರೂ ಇಲ್ಲ, ಬಿದ್ದು ಹಣೆ ಒಡೆದರೂ ಇಲ್ಲ. "ಎಷ್ಟ ಶ್ಯಾಣ್ಯಾ ಕೂಸವ್ವಾ ನಿಂದು," ಎಂದು ಓಣಿಯವರು ಹೊಗಳಿದಾಗೆಲ್ಲ ಹಣಮವ್ವ ಹಲ್ಲು ಕಚ್ಚಿ ಒಳಗೆ ನಡೆಯುತ್ತಿದ್ದಳು.

ಬಾಳವ್ವನಿಗೆ ನಾಲ್ಕು ತುಂಬಿದ ವರ್ಷ ದೊಡ್ಡಿಯಲ್ಲಿ ಮರಿಗಳು ಸಾಯತೊಡಗಿದವು. ರೋಗವಿರಲಿಲ್ಲ, ತೋಳ ಮುಟ್ಟಿದ ಗುರುತೂ ಇರಲಿಲ್ಲ. ಗುರವ್ವ ದೇವರ ಭಂಡಾರದ ಅರಿಸಿನ ಎರಚಿದಳು. ಅಮೋಗಸಿದ್ದ ಹೆಂಡತಿಯನ್ನು ಬೈದ. ಬೈಸಿಕೊಂಡ ಸಿಟ್ಟಿನಲ್ಲೇ ಹಣಮವ್ವ ಒಂದು ಬೆಳಗ್ಗೆ ದೊಡ್ಡಿಯ ಹಿಂದೆ ಹೋಗಿ ನೋಡಿದಳು. ಮಗಳು ಮರಿಯೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಎಡಗೈ ಅದರ ಕತ್ತು ಸವರುತ್ತಿತ್ತು. ಬಲ ಅಂಗೈ ಮೂತಿಯ ಮೇಲಿತ್ತು. ಮರಿಯ ಕಾಲು ಝಾಡಿಸಿ ನಿಂತವು. ಬಾಳವ್ವ ಬಗ್ಗಿ ಅದರ ಕಣ್ಣೊಳಗೆ ನೋಡಿದಳು.

"ಏನ ಮಾಡಾಕತ್ತಿ?"

"ಒದರಾಕತ್ತಿತ್ತು. ಸುಮ್ಮನ ಮಾಡಿದ್ನಿ."

"ಯಾರ ಕಲಿಸಿದ್ರು ನಿನಗ?"

ಹುಡುಗಿ ತಾಯಿಯ ಬಲಗೈ ನೋಡಿದಳು.

ಹಣಮವ್ವ ಹೊಡೆದಳು. ಮತ್ತೆ ಮತ್ತೆ ಹೊಡೆದಳು. ಮಗಳು ಅಳಲಿಲ್ಲ. ಹೊಡೆತಗಳ ನಡುವೆ ತಾಯಿಯ ಮುಖವನ್ನೇ ನೋಡುತ್ತಿದ್ದಳು, ಇದನ್ನೂ ಕಲಿಯುವವಳ ಹಾಗೆ. ಅದನ್ನು ಕಂಡು ಹಣಮವ್ವ ಕೈ ಕೆಳಗಿಳಿಸಿದಳು.

ಗಂಡನಿಗೆ ಹೇಳಿದಳು. "ಹಡದ ಮಗಳ ಮ್ಯಾಲ ಹಿಂತಾದ್ದು ಹೇಳತಿ, ನಾಲಿಗಿ ಬಿದ್ದ ಹೋಗಲಿ," ಎಂದ ಅವನು. ತನ್ನ ಅಂಗೈಯ ಸಂಗತಿಯನ್ನು ಅವಳು ಹೇಳಿರಲಿಲ್ಲ.

ಅದೇ ತಿಂಗಳು ನಾದಿನಿ ಸಾವಿತ್ರವ್ವ ಬೆಳುಂಕಿಯಿಂದ ಹೆರಿಗೆಗೆಂದು ತವರಿಗೆ ಬಂದು ಗಂಡು ಹೆತ್ತಳು. ಅಳುಬುರುಕ ಕೂಸು. ಹಣಮವ್ವ ಉಣ್ಣೆಯ ಹಗ್ಗದಿಂದ ಮಗಳನ್ನು ತನ್ನ ನಡುವಿಗೆ ಕಟ್ಟಿಕೊಂಡೇ ರೊಟ್ಟಿ ಬಡಿದಳು, ಕಸ ಹೊಡೆದಳು. ಹೆಂಗಸರು ನಕ್ಕರು. ಅವಳು ಸ್ನಾನಕ್ಕೆಂದು ಬಿಚ್ಚಿದ ಒಂದು ಗಳಿಗೆಯಲ್ಲಿ ಗುರವ್ವ ಮೊಮ್ಮಗಳನ್ನು ಎಳೆದೊಯ್ದು, "ತಮ್ಮನ್ನ ತೂಗವ್ವಾ," ಎಂದು ತೊಟ್ಟಿಲ ಬಳಿ ಕೂರಿಸಿದಳು.

ಬಚ್ಚಲಲ್ಲಿದ್ದ ಹಣಮವ್ವನಿಗೆ ಕೂಸಿನ ಅಳು ಕೇಳಿಸುತ್ತಿತ್ತು. ಆಮೇಲೆ ಕೇಳಿಸಲಿಲ್ಲ.

ಒದ್ದೆ ಸೀರೆಯಲ್ಲೇ ಓಡಿದಳು. ಮಗಳ ಕೈ ಎಳೆದು ಸರಿಸಿ, ನೀಲಿಗಟ್ಟಿದ ಕೂಸಿನ ಎದೆ ತಿಕ್ಕಿ ತಿಕ್ಕಿ ಉಸಿರು ತಂದಳು. ಸಾವಿತ್ರವ್ವ ಒಳಗೆ ಬಂದಾಗ ಕಂಡದ್ದು ಕೂಸಿನ ಮೇಲೆ ಬಗ್ಗಿದ್ದ ಹಣಮವ್ವ.

"ಅವ್ವ ಸುಮ್ಮನ ಮಾಡತಾಳ," ಎಂದಳು ಬಾಳವ್ವ, ಮೆಲ್ಲಗೆ.

ಮನೆಯೆಲ್ಲ ಸೇರಿತು. ಗುರವ್ವ ಸೊಸೆಯ ಕೂದಲು ಹಿಡಿದಳು. ಹಣಮವ್ವ ಕೊಡವಿಕೊಂಡು ನಿಂತಳು.

"ಹೌದು, ಮಾಡೀನಿ. ಇವನಿಗಲ್ಲ, ಇವಳಿಗೆ, ಇದ ಕೈಲೆ. ಬ್ಯಾಡ ಅಂದ್ರ ಕೇಳಿದ್ರೇನ ನೀವು? ಹರಕಿ ಹೊತ್ತಾಕಿ ನೀನು. ತಗೋ, ನಿನ್ನ ಹರಕಿ ಇಲ್ಲೇ ನಿಂತೈತಿ."

"ಹೊರಗ ನಡಿ," ಎಂದ ಅಮೋಗಸಿದ್ದ. "ಮಗಳನ್ನ ಬಿಟ್ಟು ನಡಿ."

ಬರಿಗೈಯಲ್ಲಿ ಹೋಗಬಹುದಿತ್ತು. ಐದು ವರ್ಷದಿಂದ ಅವಳು ಬೇಡಿಕೊಂಡದ್ದೂ ಅದನ್ನೇ. ತೊಟ್ಟಿಲಲ್ಲಿ ಕೂಸು ಮತ್ತೆ ಅಳತೊಡಗಿತು. ಬಾಳವ್ವನ ತಲೆ ಅತ್ತ ಹೊರಳಿತು. ಹಣಮವ್ವ ಕೆಟ್ಟದಾಗಿ ಬೈಯುತ್ತ ಮಗಳ ರಟ್ಟೆ ಹಿಡಿದು ಎಳೆದುಕೊಂಡೇ ಹೊರಟಳು. ಯಾರಿಗೂ ತಡೆಯುವ ಧೈರ್ಯವಾಗಲಿಲ್ಲ.

ಸೋನ್ಯಾಳದಲ್ಲಿ ಒಂದು ಹೊಲದ ಗುಡಿಸಲಿನಲ್ಲಿ ಇದ್ದು ಕಳೆ ಕಿತ್ತು ಬದುಕಿದಳು. ಕೂಸಿರುವ ಮನೆಯ ಹೊಸ್ತಿಲು ತುಳಿಯಲಿಲ್ಲ. ಹಗ್ಗ ಬಿಚ್ಚಲಿಲ್ಲ. ಸುಗ್ಗಿಯ ಮೇಲೆ ಅಮೋಗಸಿದ್ದ ಹುಡುಕಿಕೊಂಡು ಬಂದು ಬದುವಿನ ಮೇಲೆ ನಿಂತ.

"ಆಗಿದ್ದ ಆತು. ಬಾ ಮನಿಗಿ. ಒಂದು ಗಂಡ ಹಡದ್ರ ಎಲ್ಲಾ ಚಲೋ ಆಕ್ಕೈತಿ."

ಹಣಮವ್ವ ಕಳೆ ತೆಗೆಯುವ ಕುರ್ಚಿಗಿ ಕೆಳಗಿಟ್ಟಳು.

"ಹಡದು ಇವಳ ಕೈಯಾಗ ಕೊಡಲೇನ?"

ಬಾಳವ್ವ ತಲೆ ಎತ್ತಿ ಅಪ್ಪನನ್ನು ನೋಡಿ ನಕ್ಕಳು. ಅಮೋಗಸಿದ್ದ ಒಂದು ಹೆಜ್ಜೆ ಹಿಂದೆ ಸರಿದ. ಬದುವಿನ ಆಚೆ ಅವನ ರುಮಾಲು ಮರೆಯಾಗುವವರೆಗೂ ಹಣಮವ್ವ ಉರಿಗಣ್ಣು ಬಿಟ್ಟು ನೋಡುತ್ತ ನಿಂತಿದ್ದಳು.