ಕೂಸಪ್ಪಣ್ಣನ ಓಟ

ಓಡುವಾಗ ಕೂಸಪ್ಪಣ್ಣನ ಕೈಗಳು ಎಲ್ಲರಂತೆ ಹಿಂದೆಮುಂದೆ ಬೀಸುವುದಿಲ್ಲ. ಎದೆಯ ಮುಂದೆ ಮೊಳದಂತರದಲ್ಲಿ ನಿಶ್ಚಲವಾಗಿ ನಿಂತು, ತಿರುವು ಬಂದಾಗ ಮಾತ್ರ ಎರಡೂ ಒಟ್ಟಿಗೆ ಅತ್ತ ವಾಲುತ್ತವೆ. ಉಡುಪಿ–ಕಾರ್ಕಳದ ಎಕ್ಸ್‌ಪ್ರೆಸ್ ಬಸ್ಸಿನ ಸ್ಟೇರಿಂಗ್ ಹಿಡಿದೇ ಯೌವನವನ್ನು ಸವೆಸಿದ ಕೈಗಳವು. ಮೈಮೇಲೆ ಇಂದಿಗೂ ಅದೇ ಖಾಕಿ ಅಂಗಿ.

ಆಷಾಢದ ಒಂದು ಮಧ್ಯಾಹ್ನ, ಗಾಳಿಮಳೆಗೆ ಮರವೊಂದು ಚಲಿಸುತ್ತಿದ್ದ ಅವರ ಬಸ್ಸಿನ ಮೇಲೆ ಉರುಳಿತು. ಮುಂಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಯೋಗೀಶ್ ಅಲ್ಲೇ ತೀರಿಕೊಂಡ. ಯಾರ ತಪ್ಪೂ ಅಲ್ಲವೆಂದು ಊರೆಲ್ಲ ಹೇಳಿತು. ಒಂದು ಕ್ಷಣ ಮೊದಲು ಬ್ರೇಕ್ ಒತ್ತಿದ್ದರೆ ಎಂಬ ಕೊರಗು ಮಾತ್ರ ಕೂಸಪ್ಪಣ್ಣನನ್ನು ಬಿಡಲಿಲ್ಲ. ಮರ ಮುರಿದ ಸದ್ದು ಕಿವಿಯಲ್ಲೇ ಉಳಿಯಿತು, ಯಾವ ವಾಹನ ಹತ್ತಿದರೂ ಉಸಿರು ಕಟ್ಟತೊಡಗಿತು. ಕೆಲಸ ಬಿಟ್ಟರು, ಪರ್ಕಳದ ಮನೆಯೊಳಗೆ ಕುಳಿತರು, ಗೆಳೆಯ ಯೋಗೀಶನ ಉತ್ತರಕ್ರಿಯೆಗೂ ಹೋಗಲಿಲ್ಲ.

ಮಗಳು ಶ್ರೇಯಾಳಿಗೆ ಮಣಿಪಾಲದ ಆಸ್ಪತ್ರೆಯಲ್ಲಿ ಹೆರಿಗೆಯಾದ ದಿನ, ಗೇಟಿಗೆ ಬಂದ ರಿಕ್ಷಾ ಹತ್ತಲಾರದೆ ನಡೆಯುತ್ತ ಹೊರಟವರು, ಮೊಮ್ಮಗುವನ್ನು ಕಾಣುವ ಆತುರಕ್ಕೆ ತಮಗರಿವಿಲ್ಲದೆಯೇ ಓಡತೊಡಗಿದರು. ಏದುಸಿರಿನ ನಡುವೆ ಮಗಳಿಗೆ ಹೇಳಿದ್ದಿಷ್ಟೇ: "ದಾರಿಯುದ್ದಕ್ಕೂ ಮರ ಮುರಿಯುವ ಸದ್ದು ಕೇಳ್ಲೇ ಇಲ್ಲ ಮಗಾ."

ಅಂದಿನಿಂದ ದಿನವೂ ಓಟ: ಮೊದಲು ಅಲೆವೂರಿನ ಗದ್ದೆಬದಿಗೆ, ಕ್ರಮೇಣ ಕಾಪುವಿನ ಕಡಲತೀರಕ್ಕೆ. "ಎಂತ ಕೂಸಪ್ಪಣ್ಣ, ಈ ಪ್ರಾಯದಲ್ಲಿ?" ಎಂದು ನಾವು ಊರವರು ಕೇಳಿದರೆ, "ಫಸ್ಟ್ ಟ್ರಿಪ್ ಮಾರಾಯ, ತಪ್ಪಿಸ್ಲಿಕ್ಕುಂಟಾ?" ಎನ್ನುತ್ತಿದ್ದರು.

ಕಳೆದ ಚಳಿಗಾಲದಲ್ಲಿ, ಮುಂಜಾನೆಯೇ ಹೊರಟು, ಮರ ಬಿದ್ದ ತಿರುವಿನಲ್ಲಿ ಬಹಳ ಹೊತ್ತು ಕುಳಿತು, ಮತ್ತೆ ಎದ್ದು ಓಡಿ ಕಾರ್ಕಳ ತಲುಪಿದರು. ಯೋಗೀಶನ ಹೆಂಡತಿ ಸ್ವರ್ಣಲತಾ ಬಾಗಿಲು ತೆರೆದಾಗ, ಬೆವರಿನಲ್ಲಿ ತೊಯ್ದಿದ್ದ ಕೂಸಪ್ಪಣ್ಣ ಕೈಮುಗಿದರು.

"ನಿಮ್ಮ ಮೇಲೆ ಸಿಟ್ಟು ಇದ್ದದ್ದು ಹೌದು ಕೂಸಪ್ಪಣ್ಣ," ಎಂದಳು ಆಕೆ. "ಮರ ಬಿದ್ದದ್ದಕ್ಕಲ್ಲ. ನೀವು ಬಾರದ್ದಕ್ಕೆ."

ಗಂಜಿ ಬಡಿಸಿದಳು. ಅರ್ಧ ಉಂಡು, ಅವರು ಮಗುವಿನಂತೆ ಅತ್ತರು. ಸಂಜೆ ಆಕೆಯೇ ಜೊತೆಗೆ ಬಂದು ಬಸ್ ಹತ್ತಿಸಿದಳು. ಎದುರು ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದು, ಕಣ್ಣುಮುಚ್ಚಿ, ಕೂಸಪ್ಪಣ್ಣ ಪರ್ಕಳದವರೆಗೆ ಕುಳಿತೇ ಬಂದರು.

ಈಗ ವಾಹನದ ಭಯ ಬಹುಮಟ್ಟಿಗೆ ಕಳೆದಿದೆ, ಓಟ ನಿಂತಿಲ್ಲ. ಇಂಥವರು ಧೈರ್ಯ ಬರಲೆಂದು ಕಾಯುತ್ತ ಕೂರುವವರಲ್ಲ. ಮೊದಲು ಕಾಲು ಮುಂದಿಡುತ್ತಾರೆ. ಮನಸ್ಸು, ತುಸು ತಡವಾಗಿಯಾದರೂ, ಏದುಸಿರು ಬಿಡುತ್ತ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ.