ಸರ್ವರ್ ಕೋಣೆಗೆ ತಂದ ಕೈಬಲೆ

“ಏನಮ್ಮಾ, ಮೀನು ಹಿಡಿಯೋಕೆ ಬಂದ್ಯಾ ಇಲ್ಲಿಗೆ? ಇದು ಯೂನಿವರ್ಸಿಟಿ, ನಿಮ್ಮೂರ ಕೆರೆ ಅಲ್ಲ!”

ಕಂಪ್ಯೂಟರ್ ವಿಭಾಗದ ದೊಡ್ಡವನು ತೀರಾವತ್ ಸಾಹೇಬ ಹಾಗಂದಾಗ ಅವನ ಹಿಂದೆ ನಿಂತಿದ್ದ ಟೈ ಕಟ್ಟಿದವರೆಲ್ಲ ಕಿಸಕ್ಕನೆ ನಕ್ಕರು. ಬುವಾಲಾಯ್ ಮುದುಕಿಯ ಒಂದು ಕೈಯಲ್ಲಿ ಬಿದಿರು ಹಿಡಿಯ ಕೈಬಲೆ, ಇನ್ನೊಂದರಲ್ಲಿ ಬಾಳೆಲೆ ಪೊಟ್ಟಣ. ಅದರೊಳಗೆ ಅಂಟಕ್ಕಿ ಅನ್ನ, ಬೇಯಿಸಿದ ಮೊಟ್ಟೆ, ಮೇಲೆ ಸಿಕ್ಕಿಸಿದ ಊದುಬತ್ತಿ. ಸತ್ತ ಜಾಗದಲ್ಲೇ ಸಿಕ್ಕಿಕೊಂಡ ಜೀವವನ್ನು ನಾವು ಹೀಗೇ ಬಲೆಯಲ್ಲಿ ಮೊಗೆದು ಮನೆಗೆ ಕರೆದೊಯ್ಯುವುದು. ಸಾಹೇಬನೂ ಇದೇ ಈಸಾನ್ ಸೀಮೆಯವನು. ಅವನಿಗೂ ಗೊತ್ತಿತ್ತು, ಕಳ್ಳ.

“ಬುದ್ಧಿ, ನನ್ ಮಗ ಒಳಗವ್ನೆ. ಕರ್ಕೊಂಡ್ ಓಯ್ತೀನಿ, ಅಷ್ಟೆಯ.”

“ನಿನ್ನ ಮಗ ಸತ್ತಿದ್ದು ಆಂಬುಲೆನ್ಸಲ್ಲಿ. ಹೋಗಿ ಅಲ್ಲಿ ಬಲೆ ಹಾಕು.”

ಸುಳ್ಳು. ಅವಳ ಮಗ ಓತ್ ಸತ್ತದ್ದು ಈ ಸರ್ವರ್ ಕೋಣೆಯಲ್ಲೇ. ನಾನು, ಲಮ್ಯಾಯ್, ಅವತ್ತು ಬಾಗಿಲ ಹೊರಗೆ ನಿಂತಿದ್ದೆ. ನಾನೂ ಅವನೂ ಕೇಬಲ್ ಎಳೆಯುವ ಗುತ್ತಿಗೆ ಆಳುಗಳು. ಆ ಕೋಣೆಯ ನೆಲವೆಲ್ಲ ಬಿಡಿ ಹಲಗೆ. ಎತ್ತಿದರೆ ಕೆಳಗೆ ಒಬ್ಬ ತೆವಳುವಷ್ಟು ಸಂದು. ಅವನು ಅಲ್ಲಿ ತೂರಿದ್ದಾಗ ತಂತಿ ಸುಟ್ಟ ವಾಸನೆ ಬಂತು. “ಗ್ಯಾಸ್ ಬಿಡಿ, ಮಷೀನು ಉಳೀಬೇಕು,” ಅಂದ ಸಾಹೇಬ. ಬೆಂಕಿಯ ಉಸಿರು ಕಟ್ಟಿಸುವ ಗ್ಯಾಸು ಅದು, ಮನುಷ್ಯನದ್ದೂ ಬಿಡುವುದಿಲ್ಲ. “ಒಳಗೆ ಓತ್ ಅವ್ನೆ ಸಾಹೇಬ್ರೆ!” ಅಂತ ಬಾಯಿ ಬಡಿದುಕೊಂಡೆ. “ಸೈರನ್ ಕೇಳಿದ್ರೆ ಬರ್ತಾನೆ ಬಿಡು,” ಅಂದ. ನೆಲದ ಕೆಳಗೆ, ಆ ಫ್ಯಾನುಗಳ ಮೊರೆತದಲ್ಲಿ, ಏನು ಮಣ್ಣು ಕೇಳುತ್ತದೆ? ಮಷೀನುಗಳು ಉಳಿದವು.

ಅಂದಿನಿಂದ ಆ ಕೋಣೆ ಸರಿಯಿಲ್ಲ. ಸರಿಯಾಗಿ ಕೂರಿಸಿ ಹೋದ ಹಲಗೆ ಬೆಳಗ್ಗೆ ಬಂದು ನೋಡಿದರೆ ಬೆರಳಷ್ಟು ಮೇಲೆದ್ದಿರುತ್ತದೆ. ನಾವು ಮೇಲೆ ನಡೆದರೆ ಕೆಳಗೆ ಯಾರೋ ಜೊತೆಜೊತೆಗೇ ತೆವಳುತ್ತಾರೆ. ನನಗೆ ಹೆದರಿಕೆ, ಸುಳ್ಳೇಕೆ ಹೇಳಲಿ? “ಓತ್, ನಾನು ಕಣೋ, ಲಮ್ಯಾಯ್,” ಅಂತ ಹೇಳಿಯೇ ಬಾಗಿಲು ತೆಗೆಯುತ್ತೇನೆ. ತಾಯಿಯ ಕನಸಿನಲ್ಲಿ ಅವನು, “ಚಳಿ ಕಣವ್ವ, ನೀ ಕರಿಯೋದು ಕೇಳಾಕಿಲ್ಲ, ಬರೀ ಸದ್ದು,” ಅನ್ನುತ್ತಾನಂತೆ.

“ಊದುಬತ್ತಿ ಹೊಗೆಗೆ ಗ್ಯಾಸ್ ತಾನಾಗೇ ಬಿಟ್ಕೊಳುತ್ತೆ, ಗೊತ್ತಾ?” ಸಾಹೇಬ ಗದರಿದ. “ಇವತ್ತು ಹುಡುಗರೆಲ್ಲ ಕೋರ್ಸಿಗೆ ಹೆಸರು ಹಚ್ಚೋ ದಿನ. ಮಷೀನು ಒಂದು ಕ್ಷಣ ನಿಂತ್ರೂ ನನ್ನ ಮರ್ಯಾದೆ ಹೋಗುತ್ತೆ. ಲಮ್ಯಾಯ್, ಈ ಕೆಸರುಕಾಲಿನವಳನ್ನ ಆಚೆ ದಬ್ಬು.”

ನಾನು ಮುದುಕಿಯ ರಟ್ಟೆ ಹಿಡಿದೆ. ನನ್ನ ಕಾರ್ಡು ತೋರಿಸಿ ಬಾಗಿಲು ತೆಗೆದು, ಒಳಕ್ಕೆ ಎಳೆದುಕೊಂಡು ಹೋದೆ. ಅಲ್ಲಿ ಗ್ಯಾಸು ನೋಡಿಕೊಳ್ಳುವ ಕಾಮ್ಸಿಂಗ್ ಮಾವ ಇದ್ದ. ಬಲೆ ನೋಡಿದ, ಮುದುಕಿಯ ಮುಖ ನೋಡಿದ. ಏನೂ ಕೇಳದೆ ಗ್ಯಾಸಿನ ಕೀಲಿ ತಿರುಗಿಸಿ ಬಂದ್ ಮಾಡಿ, ಬಾಗಿಲ ಚಿಲಕ ಹಾಕಿದ.

“ಹಚ್ಚು ತಾಯಿ,” ಅಂದ.

ಮುದುಕಿ ಊದುಬತ್ತಿ ಹಚ್ಚಿ, ನಾನು ತೋರಿಸಿದ ಹಲಗೆಯ ಮುಂದೆ ಕೂತು ಕರೆದಳು. ಫ್ಯಾನುಗಳ ಸದ್ದಿಗೆ ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ. ಇನ್ನೂ ಜೋರಾಗಿ ಕರೆದಳು, ಗಂಟಲು ಒಡೆಯಿತು. “ಈ ಸದ್ದಲ್ಲಿ ಮಗೀಗೆ ಎಂಗವ್ವ ಕೇಳ್ತದೆ?” ಅಂತ ನನ್ನ ಕಿವಿಗೆ ಬಾಯಿಟ್ಟು ಅತ್ತಳು.

ಗೋಡೆಯಲ್ಲಿ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವ ಕೆಂಪು ಗುಂಡಿ ಇದೆ. ಒತ್ತಿದವರ ಕೆಲಸ ಹೋಗುತ್ತದೆ, ಜೈಲೂ ಆದೀತು. ಮನೆಯಲ್ಲಿ ನನ್ನ ಮಕ್ಕಳಿದ್ದಾರೆ. ಹೊರಗೆ ಸಾಹೇಬ ಬಾಗಿಲು ಗುದ್ದುತ್ತಿದ್ದ.

“ಬಡ್ಕೋ, ನಿನ್ ಮನೆ ಹಾಳಾಗ, ಬೋಳಿಮಗನೆ!” ಅಂದು ಒತ್ತಿಬಿಟ್ಟೆ.

ಫ್ಯಾನುಗಳು ನರಳಿ ನಿಂತವು. ದೀಪಗಳು ಸಾಲುಸಾಲಾಗಿ ಕಣ್ಣು ಮುಚ್ಚಿದವು. ಈ ಕೋಣೆಯಲ್ಲಿ ಇಷ್ಟು ಮೌನವನ್ನು ನಾನು ಕಂಡಿರಲಿಲ್ಲ. ಹಲಗೆಯ ಕೆಳಗೆ ಉಗುರು ಕೆರೆದಂತಾಯಿತು. ಕಾಮ್ಸಿಂಗ್ ಮಾವ ನನ್ನ ಕೈ ಹಿಡಿದುಕೊಂಡ. ಅವನಿಗೂ ಕೇಳಿಸಿತ್ತು.

“ಬಾ ಮಗ,” ಅಂದಳು ಮುದುಕಿ, ಮೆಲ್ಲಗೆ. “ಅವ್ವ ಬಂದಿವ್ನಿ. ಓಗುಮಾ ನಡಿ.”

ಹಲಗೆಯ ಮೇಲೆ ಬಲೆಯಾಡಿಸಿ ಮೊಗೆದು ಎದೆಗವಚಿಕೊಂಡು ಎದ್ದಳು. ಮಾವ ಚಿಲಕ ತೆಗೆದ.

ಹೊರಗೆ ಪಡಸಾಲೆ ತುಂಬ ಹುಡುಗರು, ಕೈಯಲ್ಲಿ ಹೆಸರು ಹಚ್ಚುವ ಪುಟ ನಿಂತುಹೋದ ಫೋನುಗಳು. ಬೈಯಲು ಬಾಯಿ ತೆಗೆದವರು ಬಲೆ ನೋಡಿ ದಾರಿ ಬಿಟ್ಟರು. ಕೆಲವರು ಕೈ ಮುಗಿದರು. ಕರೆದೊಯ್ಯುವಾಗ ಬಲೆಯ ಹಿಂದೆಯೇ ನಡೆದು ಬರುವ ಜೀವಕ್ಕೆ ದಾರಿ ಹೇಳುತ್ತಾ ಹೋಗಬೇಕು, ಇಲ್ಲದಿದ್ದರೆ ತಪ್ಪಿಸಿಕೊಳ್ಳುತ್ತದೆ.

“ಒಸ್ಲು ಐತೆ ಮಗ, ಎಡವಿಯೆ. ಇಲ್ಲಿ ಎಡಕ್ಕೆ ತಿರಿಕೊ.”

ಮೆಟ್ಟಿಲ ಬಳಿ ಸಾಹೇಬ ಅಡ್ಡ ನಿಂತಿದ್ದ. “ಪೊಲೀಸರು ಬರ್ತಿದಾರೆ. ನಿಮ್ಮನ್ನೆಲ್ಲ ಒಳಗೆ ಹಾಕಿಸ್ತೀನಿ,” ಅಂದ.

ಮುದುಕಿ ಅವನ ಮುಖ ನೋಡಲಿಲ್ಲ. ಬೆನ್ನ ಹಿಂದಕ್ಕೆ ಹೇಳಿದಳು:

“ಇಲ್ಲಿ ಸಾಯೇಬ್ರು ನಿಂತವ್ರೆ ಮಗ. ನೀ ಸರಿಬ್ಯಾಡ. ನೇರ ಬಾ.”

ಸಾಹೇಬ ಗೋಡೆಗೆ ಒತ್ತಿಕೊಂಡ. ಮುದುಕಿ ದಾಟಿ ಮೆಟ್ಟಿಲಿಳಿದಳು. ಅವನು ಅಲ್ಲಾಡಲಿಲ್ಲ. ಅವಳ ಹಿಂದೆ ಇನ್ನೊಬ್ಬ ಆಳು ದಾಟುವಷ್ಟು ಹೊತ್ತು, ಉಸಿರು ಬಿಗಿಹಿಡಿದು, ಗೋಡೆಗೆ ಅಂಟಿಕೊಂಡೇ ನಿಂತಿದ್ದ.